ಕೆಲವರ ತಪ್ಪಿಗೆ ಊರಿಗೆಲ್ಲ ದಂಡ: ಮಾಮುಂದ್ ಕಣಿವೆಯ 128 ವರ್ಷ

ಪಾಕಿಸ್ತಾನದ ವಾಯವ್ಯ ಗಡಿಯ ಬಾಜೌರ್ ಜಿಲ್ಲೆಯಲ್ಲಿ 2025ರ ಜುಲೈ ಕೊನೆಯ ವಾರ ಸೇನೆಯು ‘ಸರ್ಬಕಫ್’ ಎಂಬ ಹೆಸರಿನ ಕಾರ್ಯಾಚರಣೆಗೆ ಇಳಿಯಿತು. ಗುರಿ ತಾಲಿಬಾನ್ ಉಗ್ರರು. ಆದರೆ ಮೊದಲು ಮನೆಯೊಳಗೆ ಬಂಧಿಯಾದವರು ಲೋಯಿ ಮಾಮುಂದ್ ಭಾಗದ ಹಳ್ಳಿಗರು. ಹಳ್ಳಿ ಹಳ್ಳಿಗಳಲ್ಲಿ ಕರ್ಫ್ಯೂ ಜಾರಿಯಾಯಿತು. ಜನ ಪ್ರತಿಭಟಿಸಿದರು, ಕಾರ್ಯಾಚರಣೆ ಕೆಲ ದಿನ ನಿಂತಿತು, ಹಿರಿಯರ ಜಿರ್ಗಾ ಉಗ್ರರೊಂದಿಗೆ ಮಾತುಕತೆಗೆ ಕುಳಿತಿತು. ಮಾತುಕತೆ ಮುರಿದುಬಿದ್ದು ಆಗಸ್ಟ್‌ನಲ್ಲಿ ಮತ್ತೆ ಗುಂಡಿನ ಸದ್ದು ಕೇಳಿಸಿತು. ಸಾವಿರಾರು ಕುಟುಂಬಗಳು ಮನೆ ತೊರೆದವು.

ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯಕ್ಕೆ ಹೊಂದಿಕೊಂಡಿರುವ ಈ ಪುಟ್ಟ ಕಣಿವೆಯ ಹೆಸರು ಜಗತ್ತಿನ ಸುದ್ದಿಯಲ್ಲಿ ಕಾಣಿಸಿಕೊಂಡದ್ದು ಇದೇ ಮೊದಲಲ್ಲ. 1897ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸೇನೆ ಇದೇ ಮಾಮುಂದ್ ಕಣಿವೆಯ ಹಳ್ಳಿಗಳನ್ನು ಒಂದೊಂದಾಗಿ ಸುಟ್ಟಿತ್ತು. ಆ ವರದಿಗಳನ್ನು ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಗೆ ಬರೆದು ಕಳುಹಿಸಿದಾತ ಬೆಂಗಳೂರಿನ ದಂಡುಪ್ರದೇಶದಿಂದ ರಜೆ ಪಡೆದು ಹೋಗಿದ್ದ 22ರ ಹರೆಯದ ಅಶ್ವದಳದ ಅಧಿಕಾರಿ. ಹೆಸರು ವಿನ್‌ಸ್ಟನ್ ಚರ್ಚಿಲ್.

ಚರ್ಚಿಲ್ ಎಂದೊಡನೆ ಬೆಂಗಳೂರಿಗರಿಗೆ ನೆನಪಾಗುವುದು ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಉಳಿದುಹೋದ 13 ರೂಪಾಯಿ ಬಾಕಿ. ಅದಕ್ಕಿಂತ ಗುರುತರವಾದ ಲೆಕ್ಕವೊಂದು ಮಾಮುಂದ್ ಕಣಿವೆಯಲ್ಲಿದೆ. ಅದರ ಕಡೆಗೆ ಗಮನ ಹರಿಸಿದವರು ಕಡಿಮೆ.

ಗೆರೆ ಎಳೆದವರು, ರಸ್ತೆ ಹಾಕಿದವರು

1897ರ ಗಡಿ ದಂಗೆಯನ್ನು ಅಂದಿನ ಬ್ರಿಟಿಷ್ ಅಧಿಕಾರಿಗಳು ‘ಮತಾಂಧತೆ’ ಎಂಬ ಒಂದೇ ಪದದಲ್ಲಿ ವಿವರಿಸಿ ಕೈತೊಳೆದುಕೊಂಡರು. ‘ಹುಚ್ಚು ಮುಲ್ಲಾ’ ಎಂದು ಅವರೇ ಹೆಸರಿಟ್ಟ ಸಾದುಲ್ಲಾ ಎಂಬ ಫಕೀರ ಜನರನ್ನು ಒಟ್ಟುಗೂಡಿಸಿದ್ದು ನಿಜ. ಆದರೆ ಅವನ ಮಾತಿಗೆ ಜನ ಕಿವಿಗೊಡಲು ಬೇರೆ ಕಾರಣಗಳಿದ್ದವು. 1893ರಲ್ಲಿ ಕಾಬೂಲಿನ ಅಮೀರನೊಂದಿಗೆ ಒಪ್ಪಂದ ಮಾಡಿಕೊಂಡು ಡ್ಯುರಾಂಡ್ ಗೆರೆ ಎಳೆಯಲಾಯಿತು. ಪಶ್ತೂನರ ನಾಡು ಎರಡಾದರೂ ಅವರನ್ನು ಯಾರೂ ಕೇಳಲಿಲ್ಲ. 1895ರಲ್ಲಿ ಚಿತ್ರಾಲ್ ಮೇಲೆ ದಂಡೆತ್ತಿ ಹೋದ ಸೇನೆ, ಕೆಲಸ ಮುಗಿದ ಮೇಲೂ ಮಲಕಂಡ್ ಮತ್ತು ಚಕ್ದಾರಾದಲ್ಲಿ ಠಾಣೆ ಹೂಡಿ ರಸ್ತೆಯನ್ನು ತನ್ನ ವಶದಲ್ಲೇ ಇಟ್ಟುಕೊಂಡಿತು. ಇಂದು ರಸ್ತೆ, ನಾಳೆ ಕಂದಾಯ ಎಂಬ ಭಯ ಬೆಟ್ಟಗಳಲ್ಲಿ ಹಬ್ಬಿದ್ದು ಸಹಜವೇ ಆಗಿತ್ತು.

1897ರ ಜುಲೈ 26ರ ರಾತ್ರಿ ಮಲಕಂಡ್ ಠಾಣೆಯ ಮೇಲೆ ದಾಳಿ ನಡೆಯಿತು. ಅಂದು ಠಾಣೆಯಲ್ಲಿದ್ದ ತುಕಡಿಗಳಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್‌ನ ಒಂದು ಕಂಪನಿಯೂ ಸೇರಿತ್ತು. ಆ ರಾತ್ರಿಯ ಕಾಳಗದಲ್ಲಿ ಅದು ಠಾಣೆಯ ನಡುಭಾಗವನ್ನು ಕಾದು ನಿಂತಿತು. ಮುಂದೆ ಸರ್ ಬಿಂಡನ್ ಬ್ಲಡ್ ನೇತೃತ್ವದಲ್ಲಿ ‘ಮಲಕಂಡ್ ಫೀಲ್ಡ್ ಫೋರ್ಸ್’ ರಚನೆಯಾಯಿತು. ಅದು ಸ್ವಾತ್ ಕಣಿವೆಯನ್ನು ಹತೋಟಿಗೆ ತಂದು, ಮೊಹ್ಮಂದ್ ಬುಡಕಟ್ಟನ್ನು ದಂಡಿಸಲು ಪಶ್ಚಿಮಕ್ಕೆ ತಿರುಗಿತು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಈ ಸೇನೆ ಹೊರಟಿದ್ದು ಮಾಮುಂದರ ಮೇಲಲ್ಲ. ಅವರ ನೆಲ ಹಾದಿಯಲ್ಲಿ ಸಿಕ್ಕಿತಷ್ಟೇ. ಸೆಪ್ಟೆಂಬರ್ 14ರ ರಾತ್ರಿ ಬ್ರಿಗೇಡಿಯರ್ ಜನರಲ್ ಜೆಫ್ರಿಸ್‌ನ ಬಿಡಾರದ ಮೇಲೆ ಗುಂಡಿನ ಮಳೆಯಾಯಿತು. ಅಧಿಕಾರಿಗಳು ಸತ್ತರು, ಸಾಮಾನು ಹೊರುವ ಪ್ರಾಣಿಗಳು ದೊಡ್ಡ ಸಂಖ್ಯೆಯಲ್ಲಿ ಬಿದ್ದವು. ಕಣಿವೆಯನ್ನು ಹೊಕ್ಕು ಮಾಮುಂದರಿಗೆ ಬುದ್ಧಿ ಕಲಿಸಿ ಎಂಬ ಆದೇಶ ಹೊರಟಿತು. ಆ ರಾತ್ರಿ ಗುಂಡು ಹಾರಿಸಿದವರು ಯಾರು, ಯಾವ ಹಳ್ಳಿಯವರು ಎಂದು ಯಾರೂ ವಿಚಾರಿಸಲಿಲ್ಲ. ಕಣಿವೆಗೆ ಕಣಿವೆಯೇ ಆರೋಪಿಯಾಯಿತು.

ಮೊದಲ ದಿನವೇ ಸೇನೆಗೆ ಪೆಟ್ಟು ಬಿತ್ತು. ಸೆಪ್ಟೆಂಬರ್ 16ರಂದು ಮೂರು ದಳಗಳಾಗಿ ಚದುರಿ ಹೋದ ಬ್ರಿಗೇಡ್ ಸಂಜೆಯ ಹೊತ್ತಿಗೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 150 ಮಂದಿಯನ್ನು ಕಳೆದುಕೊಂಡಿತ್ತು. 35ನೇ ಸಿಖ್ ದಳದೊಂದಿಗೆ ಮುಂದೆ ಹೋಗಿದ್ದ ಚರ್ಚಿಲ್ ಸ್ವಲ್ಪದರಲ್ಲಿ ಉಳಿದುಕೊಂಡ. ಬೆಟ್ಟ ಹತ್ತುವಾಗ ಎದುರಾಳಿ ಕಾಣಿಸುವುದಿಲ್ಲ, ಇಳಿಯುವಾಗ ಬೆನ್ನಿಗೇ ಬರುತ್ತಾನೆ ಎಂಬ ಪಾಠವನ್ನು ಗಡಿನಾಡಿಗೆ ಬಂದ ಪ್ರತಿಯೊಂದು ಸೇನೆಯೂ ಹೊಸದಾಗಿ ಕಲಿಯಬೇಕಾಯಿತು.

ಬಳಿಕ ಆರಂಭವಾದದ್ದು ದಿನಚರಿಯಂಥ ವಿನಾಶ. ಬೆಳಗ್ಗೆ ಇನಾಯತ್ ಕಿಲಾದ ಬಿಡಾರದಿಂದ ಬ್ರಿಗೇಡ್ ಹೊರಡುವುದು, ಒಂದು ಹಳ್ಳಿಯನ್ನು ಹಿಡಿಯುವುದು, ಕಾವಲು ಗೋಪುರಗಳನ್ನು ಸಿಡಿಸುವುದು, ಮನೆಗಳಿಗೆ ಬೆಂಕಿ ಹಚ್ಚುವುದು, ದವಸ ಮತ್ತು ಮೇವನ್ನು ಹೊತ್ತು ತರುವುದು, ಸಂಜೆಗೆ ಬಿಡಾರ ಸೇರುವುದು. ಬಾವಿಗಳನ್ನು ಮುಚ್ಚಿದ್ದನ್ನೂ, ನೆರಳಿನ ಮರಗಳನ್ನು ಕಡಿದದ್ದನ್ನೂ, ಕೆರೆಕಟ್ಟೆಗಳನ್ನು ಒಡೆದದ್ದನ್ನೂ ಚರ್ಚಿಲ್ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ಬಾವಿ ಯಾರ ಮೇಲೂ ಗುಂಡು ಹಾರಿಸಿರಲಿಲ್ಲ. ಸೆಪ್ಟೆಂಬರ್ 18ರಂದು ಹೀಗೆ ನಾಶವಾದ ಹಳ್ಳಿಯ ಹೆಸರು ದಾಮಾದೋಲಾ. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅಕ್ಟೋಬರ್‌ನಲ್ಲಿ ಮಾಮುಂದರ ಜಿರ್ಗಾ ಸಂಧಾನಕ್ಕೆ ಬಂತು. ಸೇನೆ ಗುಡಾರ ಕಿತ್ತು ಹಿಂದಿರುಗಿತು. ಆಡಳಿತ, ಶಾಲೆ, ನ್ಯಾಯಾಲಯ ಯಾವುದೂ ಅದರ ಹಿಂದೆ ಬರಲಿಲ್ಲ. ದಂಡಿಸುವುದಷ್ಟೇ ಉದ್ದೇಶವಾಗಿತ್ತು, ಆಳುವುದಲ್ಲ.

ಬೆಂಗಳೂರಿಗೆ ಮರಳಿದ ಚರ್ಚಿಲ್ ಇಲ್ಲಿಯೇ ಕುಳಿತು ಆ ದಂಡಯಾತ್ರೆಯ ಕುರಿತು ತನ್ನ ಮೊದಲ ಪುಸ್ತಕವನ್ನು ಬರೆದ. 1898ರಲ್ಲಿ ಅದು ಪ್ರಕಟವಾಯಿತು. ಹಳ್ಳಿ ಸುಡುವುದನ್ನು ಪ್ರಶ್ನಿಸಿದವರನ್ನು ಪುಸ್ತಕದಲ್ಲಿ ಗೇಲಿ ಮಾಡುವ ಆತ, ತಾಯಿಗೆ ಬರೆದ ಪತ್ರದಲ್ಲಿ ಮಾತ್ರ ಇದೇ ಗಡಿ ನೀತಿಯನ್ನು ಹಣದ ದೃಷ್ಟಿಯಿಂದಲೂ ನೀತಿಯ ದೃಷ್ಟಿಯಿಂದಲೂ ಕಟುವಾಗಿ ಟೀಕಿಸಿದ್ದ. ಆ ಟೀಕೆ ಓದುಗರ ಮುಂದೆ ಅಷ್ಟೇ ನೇರವಾಗಿ ಬರಲಿಲ್ಲ. ಹಣ ತೆತ್ತವರಾದರೂ ಯಾರು? ಆಗಷ್ಟೇ ಬರ ಮತ್ತು ಪ್ಲೇಗಿಗೆ ತತ್ತರಿಸಿದ್ದ ಭಾರತದ ರೈತರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರವೂ ಆ ಬರಪೀಡಿತ ಸೀಮೆಗಳಲ್ಲೊಂದು. 1897ರ ಡಿಸೆಂಬರ್‌ನಲ್ಲಿ ಸಿ. ಶಂಕರನ್ ನಾಯರ್ ಅಧ್ಯಕ್ಷತೆಯಲ್ಲಿ ಅಮರಾವತಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಗಡಿ ನೀತಿಯ ವಿರುದ್ಧ ನಿರ್ಣಯ ಅಂಗೀಕರಿಸಿದ್ದು ಈ ಹಿನ್ನೆಲೆಯಲ್ಲೇ.

ಕಾನೂನಾದ ದಂಡನೆ

ದಂಡಯಾತ್ರೆಗಳು ದುಬಾರಿ ಎಂದು ಮನಗಂಡ ವೈಸರಾಯ್ ಕರ್ಜನ್ ಬುಡಕಟ್ಟು ಪ್ರದೇಶದಿಂದ ನಿಯಮಿತ ಸೇನೆಯನ್ನು ಹಿಂದಕ್ಕೆ ಕರೆಸಿ, ಸ್ಥಳೀಯ ಪಡೆಗಳನ್ನು ನಿಲ್ಲಿಸಿದ. 1901ರಲ್ಲಿ ವಾಯವ್ಯ ಗಡಿ ಪ್ರಾಂತ್ಯ ಹುಟ್ಟಿತು. ಅದೇ ವರ್ಷ ‘ಗಡಿ ಅಪರಾಧ ನಿಯಮಾವಳಿ’ ಹೊಸ ರೂಪದಲ್ಲಿ ಬಂತು. ಒಬ್ಬ ಅಪರಾಧ ಮಾಡಿದರೆ ಅವನ ಇಡೀ ಬುಡಕಟ್ಟಿನವರನ್ನು ಹಿಡಿದಿಡಬಹುದು, ಅವರ ಆಸ್ತಿ ಮುಟ್ಟುಗೋಲು ಹಾಕಿಕೊಳ್ಳಬಹುದು, ಅವರ ಪ್ರದೇಶವನ್ನೇ ದಿಗ್ಬಂಧನದಲ್ಲಿಡಬಹುದು. 1897ರಲ್ಲಿ ಬೆಂಕಿಕಡ್ಡಿ ಮಾಡಿದ ಕೆಲಸವನ್ನು 1901ರ ಬಳಿಕ ಪೊಲಿಟಿಕಲ್ ಏಜೆಂಟನ ಸಹಿ ಮಾಡತೊಡಗಿತು.

ಅಚ್ಚರಿಯೆಂದರೆ ಬ್ರಿಟಿಷರು ಹೋದ ಮೇಲೂ ಈ ಕಾನೂನು ಹೋಗಲಿಲ್ಲ. ಪಾಕಿಸ್ತಾನದ ನ್ಯಾಯಮೂರ್ತಿ ಎ. ಆರ್. ಕಾರ್ನೀಲಿಯಸ್ 1954ರಲ್ಲೇ ಇದನ್ನು ಖಂಡಿಸಿದ್ದರು. 2011ರ ತಿದ್ದುಪಡಿಯು ಮಹಿಳೆಯರು, 16 ವರ್ಷದೊಳಗಿನ ಮಕ್ಕಳು ಮತ್ತು 65 ದಾಟಿದ ವೃದ್ಧರನ್ನು ಸಾಮೂಹಿಕ ಬಂಧನದಿಂದ ಹೊರಗಿಟ್ಟಿತು. ಅಲ್ಲಿಯವರೆಗೆ ಅವರನ್ನೂ ಹಿಡಿದಿಡಲು ಅಡ್ಡಿಯಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ. 2018ರ ಮೇ ತಿಂಗಳಲ್ಲಿ ಸಂವಿಧಾನದ 25ನೇ ತಿದ್ದುಪಡಿಯ ಮೂಲಕ ಬುಡಕಟ್ಟು ಪ್ರದೇಶಗಳು ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದಲ್ಲಿ ವಿಲೀನಗೊಂಡಾಗ ಈ ನಿಯಮಾವಳಿ ಕಾಗದದ ಮೇಲೆ ಕೊನೆಗೊಂಡಿತು.

ಆ ವೇಳೆಗೆ ದಾಮಾದೋಲಾ ಮತ್ತೆ ಸುದ್ದಿಯಲ್ಲಿತ್ತು. 2006ರ ಜನವರಿ 13ರಂದು ಅಲ್ ಖೈದಾ ನಾಯಕ ಅಯ್ಮನ್ ಅಲ್ ಜವಾಹಿರಿಯನ್ನು ಗುರಿಯಾಗಿಸಿ ಅಮೆರಿಕ ಆ ಹಳ್ಳಿಯ ಮೇಲೆ ಕ್ಷಿಪಣಿ ಹಾರಿಸಿತು. ಜವಾಹಿರಿ ಅಲ್ಲಿರಲಿಲ್ಲ. ಮಕ್ಕಳು, ಮಹಿಳೆಯರು ಸೇರಿ ಕನಿಷ್ಠ 18 ಮಂದಿ ಸತ್ತರು. ಅದೇ ವರ್ಷದ ಅಕ್ಟೋಬರ್ 30ರಂದು ಸಮೀಪದ ಚೆನಗಾಯ್‌ನ ಮದರಸಾದ ಮೇಲೆ ನಡೆದ ದಾಳಿಯಲ್ಲಿ ಸುಮಾರು 80 ಮಂದಿ ಬಲಿಯಾದರು. 2008ರ ಆಗಸ್ಟ್‌ನಲ್ಲಿ ಪಾಕ್ ಸೇನೆ ‘ಶೇರ್‌ದಿಲ್’ ಕಾರ್ಯಾಚರಣೆ ಕೈಗೊಂಡಿತು. ಲೋಯಿ ಸಮ್ ಪಟ್ಟಣ ನೆಲಸಮವಾಯಿತು, ಲಕ್ಷಾಂತರ ಜನ ನಿರಾಶ್ರಿತರಾದರು. 2010ರಲ್ಲಿ ಸೇನೆ ದಾಮಾದೋಲಾವನ್ನು ವಶಪಡಿಸಿಕೊಂಡು ಅಲ್ಲಿನ ಗುಹೆಗಳನ್ನು ಪತ್ರಕರ್ತರಿಗೆ ತೋರಿಸಿತು. ಗೆದ್ದಾಯಿತು ಎಂಬ ಘೋಷಣೆ ಆಗಲೂ ಕೇಳಿಬಂದಿತ್ತು.

ಎರಡು ಕಾಲಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂಬುದನ್ನು ಒಪ್ಪಬೇಕು. 1897ರ ಮಾಮುಂದರು ತಮ್ಮ ನೆಲದ ಮೇಲೆ ಬಂದ ಪರಕೀಯ ಸೇನೆಯ ವಿರುದ್ಧ ಹೋರಾಡಿದರು. ಇಂದಿನ ಉಗ್ರರು ಅದೇ ಮಾಮುಂದರ ಮಕ್ಕಳನ್ನೂ ಕೊಲ್ಲುತ್ತಾರೆ. 2023ರ ಜುಲೈ 30ರಂದು ಜಿಲ್ಲಾ ಕೇಂದ್ರ ಖಾರ್‌ನಲ್ಲಿ ರಾಜಕೀಯ ಸಭೆಯೊಂದರ ಮೇಲೆ ಆತ್ಮಾಹುತಿ ದಾಳಿ ನಡೆದು 50ಕ್ಕೂ ಹೆಚ್ಚು ಮಂದಿ ಸತ್ತರು. ಹೊಣೆ ಹೊತ್ತದ್ದು ಇಸ್ಲಾಮಿಕ್ ಸ್ಟೇಟ್. ಇಂಥವರನ್ನು ಎದುರಿಸುವುದು ಯಾವುದೇ ಸರ್ಕಾರದ ಕರ್ತವ್ಯ. ಪ್ರಶ್ನೆ ಇರುವುದು ಲೆಕ್ಕ ಯಾರಿಂದ ವಸೂಲಾಗುತ್ತದೆ ಎಂಬುದರಲ್ಲಿ.

2025ರ ಆಗಸ್ಟ್‌ನಲ್ಲಿ ಬಾಜೌರ್‌ನ ಹಿರಿಯರ ಮುಂದೆ ಇಡಲಾದ ಮೂರು ಆಯ್ಕೆಗಳನ್ನು ಭದ್ರತಾ ಮೂಲಗಳೇ ಬಹಿರಂಗಪಡಿಸಿದವು. ಒಂದು, ಬುಡಕಟ್ಟಿನವರೇ ಉಗ್ರರನ್ನು ಹೊರಗಟ್ಟಬೇಕು. ಅದಾಗದಿದ್ದರೆ ಒಂದೆರಡು ದಿನ ಊರು ಖಾಲಿ ಮಾಡಬೇಕು. ಎರಡೂ ಆಗದಿದ್ದರೆ ಸಾಧ್ಯವಾದಷ್ಟು ಜೀವಹಾನಿ ತಪ್ಪಿಸಿಕೊಳ್ಳಬೇಕು, ಕಾರ್ಯಾಚರಣೆ ಮಾತ್ರ ನಿಲ್ಲದು. ಸೇನೆ, ಪೊಲೀಸು, ಗುಪ್ತಚರ ಇಲಾಖೆ ಎಲ್ಲವೂ ಇರುವ ಸರ್ಕಾರ ವರ್ಷಗಟ್ಟಲೆ ಮಾಡಲಾಗದ ಕೆಲಸವನ್ನು ಊರ ಹಿರಿಯರಿಗೆ ವಹಿಸಿತು. ಆಗದಿದ್ದರೆ ಮನೆ ಬಿಡಿ ಎಂದಿತು. 1901ರ ನಿಯಮಾವಳಿಯ ಪುಟಗಳಲ್ಲಿದ್ದ ತರ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. 2018ರ ವಿಲೀನದ ನಂತರ ಬಾಜೌರ್‌ನ ಜನ ಉಳಿದ ಪ್ರಜೆಗಳಂತೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲ ನಾಗರಿಕರು. ಅವರ ಪೈಕಿ ತಪ್ಪಿತಸ್ಥರಿದ್ದರೆ ಹೆಸರು ಹಿಡಿದು ವಿಚಾರಣೆ ನಡೆಸಲು ಅಡ್ಡಿಯೇನೂ ಇಲ್ಲ.

ಕಣಿವೆಯ ಜನ ಸುಮ್ಮನೆ ಕುಳಿತವರೇನಲ್ಲ. 2025ರ ಜುಲೈ 13ರಂದು ಬಾಜೌರ್‌ನಲ್ಲಿ ಶಾಂತಿ ಮೆರವಣಿಗೆ ನಡೆಸಲು ನಿರ್ಧರಿಸಲಾಗಿತ್ತು. ಅದಕ್ಕಾಗಿ ಪ್ರಚಾರ ನಡೆಸುತ್ತಿದ್ದ ಅವಾಮಿ ನ್ಯಾಷನಲ್ ಪಾರ್ಟಿಯ ನಾಯಕ ಮೌಲಾನಾ ಖಾನ್‌ಜೇಬ್ ಅವರನ್ನು ಜುಲೈ 10ರಂದು ಬಂದೂಕುಧಾರಿಗಳು ಗುಂಡಿಕ್ಕಿ ಕೊಂದರು. ಆ ತಿಂಗಳು ಮುಗಿಯುವ ಮುನ್ನವೇ ಮಾಮುಂದ್ ಹಳ್ಳಿಗಳಲ್ಲಿ ಕರ್ಫ್ಯೂ ಘೋಷಣೆಯಾಯಿತು.