ಹಿತ್ತಲಿನ ಹಾಪ್ಸ್: ಹಕ್ಕೂ ಹೊಣೆಯೂ

ಅಮೆರಿಕದಲ್ಲಿ ಬೆಳೆಯುವ ಹಾಪ್ಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ವಾಷಿಂಗ್ಟನ್ ರಾಜ್ಯದ್ದು. ಅದರಲ್ಲೂ ಹೆಚ್ಚಿನದು ಯಾಕಿಮಾ ಕಣಿವೆಯದು. ಸ್ವಂತ ಬಳಕೆಗೆ ಮನೆಯಲ್ಲೇ ಬಿಯರ್ ತಯಾರಿಸಲು 1978ರ ಕಾನೂನು ದಾರಿ ಮಾಡಿಕೊಟ್ಟ ಮೇಲೆ ಆ ಸೀಮೆಯಲ್ಲಿ ಈ ಹವ್ಯಾಸ ಬೇರೂರಿತು. ಹವ್ಯಾಸಿಗಳಲ್ಲಿ ಕೆಲವರು ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಬಳ್ಳಿಯನ್ನೂ ಹಿತ್ತಲಲ್ಲೇ ಹಬ್ಬಿಸುತ್ತಾರೆ. ಒಳ್ಳೆಯ ಹಾಪ್ಸ್ ಅಂಗಡಿಯಲ್ಲೇ ಸಿಗುವಾಗ ಇದು ಬೇಕೇ ಎಂಬುದು ಅಲ್ಲಿನ ಪ್ರಾಮಾಣಿಕ ಭಿನ್ನಾಭಿಪ್ರಾಯ.

ಬೇಕು ಎನ್ನುವವರ ಗಟ್ಟಿ ಆಧಾರ ತಾಜಾತನ. ಬೇಸಿಗೆಯ ಕೊನೆಗೆ ಬಲಿತ ಹಾಪ್ಸ್ ಹೂವನ್ನು ಅಂಗೈಯಲ್ಲಿ ಉಜ್ಜಿದರೆ ಹಳದಿ ಪುಡಿ ಅಂಟಿಕೊಳ್ಳುತ್ತದೆ. ಕ್ಯಾಸ್ಕೇಡ್ ತಳಿಯಾದರೆ ಚಕ್ಕೋತದ ವಾಸನೆ ಬರುತ್ತದೆ. ಕಿತ್ತ ದಿನವೇ ಅದನ್ನು ಕುದಿಯುವ ಪಾತ್ರೆಗೆ ಹಾಕುವ ಸುಖ ಒಣಗಿಸಿ ಪೊಟ್ಟಣ ಕಟ್ಟಿದ ಸರಕಿನಿಂದ ದೊರೆಯದು. ಒರೆಗಾನ್‌ನ ಸಂಶೋಧನೆಯಿಂದ 1972ರಲ್ಲಿ ಹೊರಬಂದ ಈ ತಳಿಯನ್ನು ಯಾರು ಬೇಕಾದರೂ ನೆಡಬಹುದು. ಪ್ರಾದೇಶಿಕ ಬಿಯರ್ ಎಂದ ಮೇಲೆ ಆ ನೆಲದ ಬೆಳೆಯೇ ಅದರಲ್ಲಿರಲಿ ಎಂಬ ಮಾತಿಗೆ ತೂಕವಿದೆ.

ಬೇಡ ಎನ್ನುವವರು ಅಳತೆಯ ಪ್ರಶ್ನೆ ಎತ್ತುತ್ತಾರೆ. ಕಹಿಯ ಮೂಲವಾದ ಆಲ್ಫಾ ಆಮ್ಲ ಕ್ಯಾಸ್ಕೇಡ್‌ನಲ್ಲಿ ಸಾಮಾನ್ಯವಾಗಿ ಶೇ. 4.5ರಿಂದ 7ರಷ್ಟಿರುತ್ತದೆ. ಕೊಂಡ ಪೊಟ್ಟಣದ ಮೇಲೆ ಪರೀಕ್ಷಿಸಿದ ಅಂಕಿ ಇರುತ್ತದೆ. ಹಿತ್ತಲಿನ ಹೂವಿಗೆ ಅಂದಾಜೇ ಗತಿ. ಹಸಿ ಹೂವಿನ ತೂಕದಲ್ಲಿ ಸುಮಾರು ಐದನೇ ನಾಲ್ಕು ಪಾಲು ನೀರು. ಕೂಡಿಡಲು ಒಣಗಿಸುವಾಗ ಶಾಖ ಹೆಚ್ಚಾದರೆ ಪರಿಮಳ ಹಾರಿಹೋಗುತ್ತದೆ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ.

ಆದರೆ ಮಾರುಕಟ್ಟೆಯೂ ಸದಾ ಕೈಹಿಡಿಯುವುದಿಲ್ಲ. 2007–08ರಲ್ಲಿ ಹಾಪ್ಸ್‌ಗೆ ಅಭಾವ ಬಂದು ಬೆಲೆ ಗಗನಕ್ಕೇರಿದಾಗ ಸಣ್ಣ ತಯಾರಕರು ಪರದಾಡಿದರು. ಹಿತ್ತಲ ಬಳ್ಳಿ ಇಂಥ ಕಾಲದಲ್ಲಿ ಹವ್ಯಾಸಿಗೆ ಅಷ್ಟಿಷ್ಟು ಆಸರೆಯಾದೀತು.

ಇದಕ್ಕೆ ಎದುರಾಗಿ ನಿಲ್ಲುವ ಅತಿ ಗಂಭೀರ ವಾದ ಬೂದಿ ರೋಗದ್ದು. 1997ರಲ್ಲಿ ಯಾಕಿಮಾ ತೋಟಗಳಲ್ಲಿ ಕಾಣಿಸಿಕೊಂಡ ಈ ರೋಗ ಬೆಳೆಗಾರರಿಗೆ ದೊಡ್ಡ ಪೆಟ್ಟು ಕೊಟ್ಟಿತು. ಆರೈಕೆಯಿಲ್ಲದ ಒಂದು ಬಳ್ಳಿಯೂ ರೋಗಕ್ಕೆ ನೆಲೆಯಾಗಬಲ್ಲದು. ಹವ್ಯಾಸಿ ಕಳೆದುಕೊಳ್ಳುವುದು ಒಂದು ಋತುವಿನ ಹೂವನ್ನು. ರೈತನಿಗೆ ಅದು ವರ್ಷದ ಅನ್ನ.

ಎರಡನ್ನೂ ತೂಗಿದರೆ, ಪೂರ್ಣ ನಿಷೇಧವೂ ಪೂರ್ಣ ಸ್ವೇಚ್ಛೆಯೂ ಅತಿಯೆನಿಸುತ್ತವೆ. ಕುದಿಯ ಆರಂಭದಲ್ಲಿ ಕಹಿಗಾಗಿ ಪರೀಕ್ಷಿತ ಹಾಪ್ಸ್ ಹಾಕಿ, ಕೊನೆಯಲ್ಲಿ ಪರಿಮಳಕ್ಕೆ ಮನೆಯದನ್ನು ಬಳಸಿದರೆ ಅಳತೆಯ ತೊಡಕು ಬಹುಮಟ್ಟಿಗೆ ನೀಗುತ್ತದೆ. ವಾಣಿಜ್ಯ ತೋಟಗಳ ಮಗ್ಗುಲಲ್ಲಿ ನೆಡದಿರುವುದೇ ಲೇಸು. ಬೇರೆಡೆ ನೆಡುವವರು ರೋಗಮುಕ್ತ ಸಸಿಯನ್ನೇ ತರಬೇಕು, ರೋಗ ಹತೋಟಿಗೆ ಬಾರದಿದ್ದರೆ ಬಳ್ಳಿಯನ್ನು ಬೇರುಸಹಿತ ಕಿತ್ತುಹಾಕಬೇಕು. ಅಷ್ಟು ಹೊಣೆ ಹೊರಲಾರದವರು ಹಾಪ್ಸನ್ನು ರೈತನಿಂದಲೇ ಕೊಳ್ಳುವುದು ಒಳಿತು.