ಅಡ್ವಾನ್ಸ್ ಕೊಟ್ಟ ಮೇಲೂ ವಿಮೆ ಕಡ್ಡಾಯವೇ?

ಅಮೆರಿಕದಲ್ಲಿ ಬಾಡಿಗೆದಾರರು ವಿಮೆ ಮಾಡಿಸಲೇಬೇಕೆಂದು ಅನೇಕ ಮಾಲೀಕರು ಕರಾರಿನಲ್ಲೇ ಬರೆಯುತ್ತಾರೆ. ವಿಮೆಯ ಪಾಠ ನಡೆಯುವಾಗ, ಇಲ್ಲೂ ಹಾಗೆ ಮಾಡಿದರೇನು ಎಂಬ ಚರ್ಚೆ ನಮ್ಮ ತರಗತಿಯಲ್ಲಿ ಬಂತು. ಹೆಚ್ಚಿನವರು ‘ಹೌದು’ ಎಂದರು. ನಾನು ‘ಬೇಡ’ ಎಂದೆ. ಏಕೆಂದು ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಮೆ ಕೆಟ್ಟದ್ದೆಂದು ನನ್ನ ವಾದವಲ್ಲ. ವಿಮಾ ಹಿತಾಸಕ್ತಿಯ ತತ್ವ ನೆನಪಿದೆಯಲ್ಲ? ಗೋಡೆ ಮಾಲೀಕರದು, ಫ್ರಿಜ್ಜು ನಮ್ಮದು. ಮಾಲೀಕರು ಕಟ್ಟಡಕ್ಕೆ ವಿಮೆ ಮಾಡಿಸಿದ್ದರೂ ಅಮ್ಮಿ ತವರಿನಿಂದ ತಂದ ಅಲ್ಮಾರಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಇದೆ. ಬಾಡಿಗೆದಾರರು ಅದರಲ್ಲಿ ಸಾಮಾನಿಗೆ ಮಾತ್ರ ವಿಮೆ ಪಡೆಯಬಹುದು. ಬೆಂಕಿ, ಪ್ರವಾಹ, ಬಿರುಗಾಳಿ ಸೇರಿವೆ. ಸಾಮಾನ್ಯ ಕಳ್ಳತನ ಮಾತ್ರ ಸೇರಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬಂಗಲೆಗಳಿಗೇ ನೀರು ನುಗ್ಗಿತ್ತು. ನಾವಿರುವಂಥ ಗ್ರೌಂಡ್ ಫ್ಲೋರ್ ಬಾಡಿಗೆ ಮನೆಗಳ ಪಾಡು ಕೇಳಬೇಕೆ?

ಪ್ರಶ್ನೆ ಇರುವುದು ಕಡ್ಡಾಯ ಎಂಬ ಮಾತಿನಲ್ಲಿ. ಮಾಲೀಕರು ಈಗಾಗಲೇ ಒಂದು ವಿಮೆ ಪಡೆದಿದ್ದಾರೆ, ಅದರ ಹೆಸರು ಅಡ್ವಾನ್ಸ್. ಬಾಡಿಗೆ 8,000 ಎಂದಿಟ್ಟುಕೊಳ್ಳಿ. ಹತ್ತು ತಿಂಗಳ ಲೆಕ್ಕದಲ್ಲಿ 80,000 ರೂಪಾಯಿ ಅವರ ಕೈಯಲ್ಲಿರುತ್ತದೆ. ಶೇ. 6ರಂತೆ ಹಿಡಿದರೂ ವರ್ಷಕ್ಕೆ 4,800 ರೂಪಾಯಿ ಬಾಡಿಗೆದಾರ ಸದ್ದಿಲ್ಲದೆ ಬಿಟ್ಟುಕೊಟ್ಟ ಹಾಗೆ. ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೇರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಮಾದರಿ ಎಂದಮೇಲೆ ಅದು ರಾಜ್ಯಗಳು ಒಪ್ಪಿದರೆ ಮಾತ್ರ ಕಾನೂನು.

ಹಾಗಾದರೆ ವಾಹನಕ್ಕೆ ವಿಮೆ ಕಡ್ಡಾಯವಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ಕಡ್ಡಾಯವಿರುವುದು ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮಿಂದ ಇನ್ನೊಬ್ಬರಿಗಾಗುವ ಹಾನಿಗೆ. ನನ್ನ ಬೈಕ್ ಸುಟ್ಟರೆ ಅದು ನನ್ನ ನಷ್ಟ, ಅದಕ್ಕೆ ಕಡ್ಡಾಯವಿಲ್ಲ. ಅಲ್ಮಾರಿಯೂ ಹಾಗೆಯೇ. ವಿಮೆ ಧರ್ಮದ ದೃಷ್ಟಿಯಿಂದ ಸರಿಯೇ ಎಂದು ಇನ್ನೂ ಆಲಿಮರನ್ನು ಕೇಳುವ ಮನೆಗಳು ನಮ್ಮಲ್ಲಿವೆ. ಆ ನಿರ್ಧಾರ ಮನೆ ಮಾಲೀಕರು ಮಾಡುವಂಥದ್ದಲ್ಲ.

ಬಾಡಿಗೆದಾರನ ತಪ್ಪಿನಿಂದ ಬೆಂಕಿ ಬಿದ್ದು ಗೋಡೆ ಸುಟ್ಟರೆ? ಮಾಲೀಕರ ಈ ಭಯ ನಿಜವಾದದ್ದೇ, ಅದನ್ನು ಒಪ್ಪುತ್ತೇನೆ. ಹಾಗಿದ್ದರೆ ಅಡ್ವಾನ್ಸ್ ಎರಡು ತಿಂಗಳಿಗೆ ಇಳಿಸಿ, ಆ ಹೊಣೆಗೆ ವಿಮೆ ಕೇಳಲಿ. ಎರಡೂ ಬೇಕೆಂದರೆ ಒಂದೇ ಅಪಾಯಕ್ಕೆ ಎರಡು ಸಲ ಬೆಲೆ ಕಟ್ಟಿದಂತೆ.

ಅಷ್ಟರೊಳಗೆ ಪ್ರೀಮಿಯಂ ಇಲ್ಲದ ಒಂದು ಕೆಲಸವಿದೆ. ಅಡುಗೆ ಅನಿಲದ ಅಪಘಾತಕ್ಕೆ ತೈಲ ಕಂಪನಿಗಳೇ ಗ್ರಾಹಕರ ಪರವಾಗಿ ವಿಮೆ ಮಾಡಿಸಿರುತ್ತವೆ. ಆಸ್ತಿ ಹಾನಿಯ ಪರಿಹಾರ ನೋಂದಾಯಿತ ವಿಳಾಸದ ಮನೆಗೆ ಮಾತ್ರ. ಮನೆ ಬದಲಿಸಿದವರು ಇವತ್ತು ಸಂಜೆ ಗ್ಯಾಸ್ ಪುಸ್ತಕದಲ್ಲಿ ಯಾವ ವಿಳಾಸವಿದೆ ಎಂದು ನೋಡಿ. ನಮ್ಮದರಲ್ಲಿ ಹಳೆಯ ಮನೆಯದೇ ಇತ್ತು, ಅಬ್ಬು ಹೋದ ವಾರ ಬದಲಾಯಿಸಿಕೊಂಡು ಬಂದರು.