ಮಗುವಿನ ತಪ್ಪಕ್ಷರವೂ ಹಿರಿಯರ ಆತುರವೂ

ಮಕ್ಕಳ ಕನ್ನಡ ಬರಹದಲ್ಲಿ ಕಾಗುಣಿತದ ದೋಷಗಳು ತುಂಬಿವೆಯೆಂಬ ದೂರು ಎದ್ದಾಗಲೆಲ್ಲ ನಮ್ಮ ವಿದ್ವಾಂಸರು ಎರಡು ಪಕ್ಷವಾಗುತ್ತಾರೆ. ಮೊದಲನೆಯ ತರಗತಿಯಿಂದಲೇ ಪ್ರತಿಯೊಂದು ತಪ್ಪಿನ ಮೇಲೂ ಕೆಂಪು ಶಾಯಿಯ ಗೆರೆ ಬೀಳಬೇಕು, ತಪ್ಪಿದ ಪದವನ್ನು ಹತ್ತು ಸಲ ಬರೆಯಿಸಬೇಕು ಎಂಬುದು ಒಂದು ಪಕ್ಷ; ತಪ್ಪಿಗೆ ಕಾರಣವಾದ ಮಹಾಪ್ರಾಣಾಕ್ಷರಗಳನ್ನೇ ಕೈಬಿಡಬೇಕೆಂಬುದು, ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರ ವಾದವನ್ನು ಆಶ್ರಯಿಸಿದ ಇನ್ನೊಂದು. ಮಗುವಿನ ತಪ್ಪನ್ನು ಓದಿ ನೋಡುವ ತಾಳ್ಮೆ ಇಬ್ಬರಲ್ಲಿಯೂ ಇಲ್ಲವೆಂಬುದು ನನ್ನ ಆಕ್ಷೇಪಣೆ.

ಹಳೆಯ ಮೈಸೂರಿನ ಹಳ್ಳಿಯ ಮಗು 'ಹಾಲು' ಎಂಬುದನ್ನು 'ಆಲು' ಎಂದು ಬರೆದರೆ, ತನ್ನ ಮನೆಯಲ್ಲಿ ಕೇಳಿದ ಧ್ವನಿಯನ್ನು ಯಥಾವತ್ತಾಗಿ ಅಕ್ಷರಕ್ಕಿಳಿಸಿರುತ್ತದೆ. ತಿದ್ದಿಸಿಕೊಂಡ ಮೇಲೆ ಅದೇ ಮಗು 'ಅಕ್ಕ' ಎಂಬಲ್ಲಿ 'ಹಕ್ಕ' ಎಂದು ಬರೆದರೆ, ಗ್ರಂಥಭಾಷೆಯಲ್ಲಿ ಹಕಾರವೊಂದು ಉಂಟೆಂಬ ನಿಯಮವನ್ನು ತಾನೇ ಊಹಿಸಿಕೊಂಡು, ಅದರ ಎಲ್ಲೆಯನ್ನು ಮಾತ್ರ ಇನ್ನೂ ಕಾಣದಿರುತ್ತದೆ. 'ಹೋದೆವು' ಎಂಬಲ್ಲಿ 'ಹೋದ್ವಿ' ಎಂದು ಬರೆದ ಮಗುವಿಗೆ ವ್ಯಾಕರಣ ಬಾರದೆನ್ನುವವರು, ಕರ್ತೃವಿಗೂ ಕ್ರಿಯಾಪದಕ್ಕೂ ಇರಬೇಕಾದ ಪುರುಷ-ವಚನಗಳ ಹೊಂದಿಕೆ ಆ ರೂಪದಲ್ಲಿ ಅಚ್ಚುಕಟ್ಟಾಗಿರುವುದನ್ನು ಗಮನಿಸಬೇಕು. ಪೂರ್ಣವಿರಾಮದ ಮಾತೂ ಹಾಗೆಯೇ. 'ಎದ್ದು ಮುಖ ತೊಳೆದು ಉಂಡು ಆಟಕ್ಕೆ ಹೋಗಿ' ಎಂದು ಕೃದಂತಾವ್ಯಯಗಳನ್ನು ಪೋಣಿಸುತ್ತ ಪುಟವೆಲ್ಲ ಸಾಗುವ ವಾಕ್ಯ ಕನ್ನಡ ಕಥನದ ಸಹಜ ಗತಿ. ಓಲೆಗರಿಯ ಗ್ರಂಥಗಳಲ್ಲಿ ಅಲ್ಪವಿರಾಮವಾಗಲಿ ಪ್ರಶ್ನಾರ್ಥಕ ಚಿಹ್ನೆಯಾಗಲಿ ಇರಲಿಲ್ಲ, 19ನೆಯ ಶತಮಾನದಲ್ಲಿ ಅಚ್ಚಿನ ಯಂತ್ರದೊಡನೆ ಅವು ನಮ್ಮಲ್ಲಿ ನೆಲೆಗೊಂಡುವು. ಇಡೀ ನಾಡು ಅಷ್ಟು ತಡವಾಗಿ ಕಲಿತುದನ್ನು ಏಳು ವರ್ಷದ ಮಗು ಒಂದು ಮಳೆಗಾಲದಲ್ಲಿ ಕಲಿಯಲಿಲ್ಲವೆಂದು ಗದರುವುದು ಅನ್ಯಾಯ.

ಜನಸಾಮಾನ್ಯರ ಉಚ್ಚಾರದಲ್ಲಿ ಮಹಾಪ್ರಾಣವಿಲ್ಲವೆಂಬ ಭಟ್ಟರ ಅವಲೋಕನ ನಿಜ. ಆದುದರಿಂದಲೇ 'ದನ', 'ಧನ'ಗಳ ಭೇದವನ್ನು ಮಗು ಕಿವಿಯಿಂದ ಪಡೆಯಲಾರದು, ಕಣ್ಣಿನಿಂದ ಪಡೆಯಬೇಕು. ಎಂದರೆ ಅದು ಓದಬೇಕು, ಬಹಳವಾಗಿ ಓದಬೇಕು. ಉಪಾಧ್ಯಾಯರ ನಾಲಗೆಯಲ್ಲಿಯೇ ಇಲ್ಲದ ಭೇದವನ್ನು ಉಕ್ತಲೇಖನ ಬರೆಯುವ ಮಗು ಹೇಗೆ ಗ್ರಹಿಸೀತು? ಆದರೆ ಆ ಅಕ್ಷರಗಳನ್ನೇ ತೆಗೆದುಹಾಕಿದರೆ ಈವರೆಗೆ ಅಚ್ಚಾದ ಪುಸ್ತಕರಾಶಿಯೆಲ್ಲ ಮುಂದಿನ ಪೀಳಿಗೆಗೆ ಅಪರಿಚಿತವಾದೀತು. ಬೋಧನೆಯ ಕೊರತೆಗೆ ಅಂಥ ಬೆಲೆ ತೆರಲು ನಾನು ಒಪ್ಪೆನು.

ನಲಿಕಲಿ ತರಗತಿಗಳಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುವ ಮಗು ಬೇಗನೆ 'ಸರ', 'ಅರಸ', 'ಗರಗಸ'ಗಳನ್ನು ಓದುತ್ತದೆ. ಓದಿಗೆ ದೊರೆತ ಈ ಸ್ವಾತಂತ್ರ್ಯ ಸ್ವಂತ ಬರಹಕ್ಕೂ ದೊರೆಯಲಿ. ತಾನು ಕಂಡ ಜಾತ್ರೆಯನ್ನು ಮಗು ತನಗೆ ತೋರಿದ ಅಕ್ಷರಗಳಲ್ಲಿ ಬರೆಯಲಿ. ಉಪಾಧ್ಯಾಯರು ಅದನ್ನು ಓದಿ, ಮೊದಲು ಜಾತ್ರೆಯ ವಿಷಯ ವಿಚಾರಿಸಿ, ಆ ವಾರಕ್ಕೆ ಒಂದೇ ಬಗೆಯ ತಪ್ಪನ್ನು ಆರಿಸಿ, ಮಗುವೇ ಹುಡುಕಿ ತಿದ್ದುವಂತೆ ಮಾಡಲಿ. ನಾಲ್ಕೈದನೆಯ ತರಗತಿಯಲ್ಲಿ, ಓದು ಬಲಿತ ಮೇಲೆ, ಶುದ್ಧವಾದ ಬರಹವನ್ನು ನಿಷ್ಠುರವಾಗಿಯೇ ಕೇಳಬಹುದು. ಹಾಗೆ ಕೇಳಬೇಕೆಂದಿರುವ ಶಾಲೆ, ಹಾಳಾದಾವೆಂಬ ಭಯದಿಂದ ಕಥೆಯ ಪುಸ್ತಕಗಳನ್ನು ಒಳಗಿಟ್ಟು ಬೀಗ ಹಾಕಿದ ಬೀರುವನ್ನು ಈ ವರ್ಷವೇ ಮಕ್ಕಳಿಗೆ ತೆರೆದಿಡಬೇಕು.